ತೋಟದ ಜೀಪಿಗೆ ಎಂಥ ಪ್ಲೇಟು?

ಕೊಯ್ಲು ಮುಗಿದೊಡನೆ ಜೀಪನ್ನು ಗ್ಯಾರೇಜಿಗೆ ಬಿಟ್ಟು, "ಹಿಂದೆ ಕೂತಿದೆ, ಎರಡು ಪ್ಲೇಟು ಜಾಸ್ತಿ ಹಾಕಿ" ಎಂದು ಹೇಳಿ ಬರುವುದು ನಮ್ಮಲ್ಲಿ ವಾಡಿಕೆ. ಗಾಡಿ ಎದ್ದು ನಿಲ್ಲುತ್ತದೆ, ನಿಜ. ಆದರೆ ಖಾಲಿ ಗಾಡಿ ಕುಪ್ಪಳಿಸತೊಡಗುತ್ತದೆ. ಕೊರಕಲು ದಾರಿಯಲ್ಲಿ ಒಂದು ಚಕ್ರ ಮೇಲೆದ್ದೇ ಉಳಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಎಳೆತವೂ ಇಲ್ಲ, ಬ್ರೇಕೂ ಇಲ್ಲ. ಮಳೆಗಾಲದ ಇಳಿಜಾರಿನಲ್ಲಿ, ಹಿಂದೆ ಆಳುಗಳು ಕುಳಿತಿರುವಾಗ, ಇದು ಸಣ್ಣ ಮಾತಲ್ಲ.

ಎತ್ತರ ಬೇರೆ, ಬಿಗಿ ಬೇರೆ

ಪ್ಲೇಟು ಹಳತಾದಾಗ ತಗ್ಗುವುದು ಅದರ ಬಾಗು. ಬಿಗಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಮನೆಲದಲ್ಲಿ ಖಾಲಿ ಗಾಡಿಯ ಆಕ್ಸಲ್‌ನಿಂದ ಛಾಸಿಗೆ ಇರುವ ಅಂತರ ಅಳೆಯಿರಿ. ೫೦ ಕಿಲೋದ ೧೦ ಮೂಟೆಗಳನ್ನು ಹಿಂದಿನ ಆಕ್ಸಲ್ ಮೇಲೆ ಸರಿಯಾಗಿ ಬರುವಂತೆ ಹೇರಿ ಮತ್ತೆ ಅಳೆಯಿರಿ. ೫ ಸೆಂ.ಮೀ. ಇಳಿದರೆ, ಒಂದೊಂದು ಬದಿಯ ಕಟ್ಟು ೨೫೦ ಕಿಲೋ ಹೊತ್ತು, ಸೆಂ.ಮೀ.ಗೆ ೫೦ ಕಿಲೋ ಬಿಗಿಯಿದೆ ಎಂದರ್ಥ. ಹೇರಿದಾಗ ಇಳಿಯುವುದು ಹದವಾಗಿದ್ದು, ಖಾಲಿಯಲ್ಲೇ ಗಾಡಿ ಕುಸಿದಿದ್ದರೆ ಬೇಕಾದದ್ದು ಅದೇ ಅಳತೆಯ ಹೊಸ ಕಟ್ಟು, ಹೆಚ್ಚಿನ ಪ್ಲೇಟಲ್ಲ.

ದಪ್ಪವೂ ಉದ್ದವೂ

ಒಂದೇ ದಪ್ಪದ ಐದು ಪ್ಲೇಟಿಗೆ ಎರಡು ಸೇರಿಸಿದರೆ ಬಿಗಿ ಸುಮಾರು ಶೇ. ೪೦ ಏರುತ್ತದೆ. ದಪ್ಪದ ಲೆಕ್ಕ ಇನ್ನೂ ಕಠಿಣ: ೬ ಮಿ.ಮೀ. ಬದಲು ೭ ಮಿ.ಮೀ. ಪ್ಲೇಟು ಹಾಕಿದರೆ ಶೇ. ೫೯, ೮ ಮಿ.ಮೀ. ಆದರೆ ಎರಡು ಪಟ್ಟಿಗೂ ಮೀರಿ. ಉದ್ದ ಶೇ. ೧೦ ಹೆಚ್ಚಿದರೆ ಬಿಗಿ ಕಾಲುಭಾಗ ತಗ್ಗುತ್ತದೆ. ಆದ್ದರಿಂದ ಬೇರೆ ವಾಹನದ ಪ್ಲೇಟು ತರುವುದಾದರೆ ಗಿಡ್ಡ, ದಪ್ಪ ಪ್ಲೇಟಿಗಿಂತ ಉದ್ದವಾದ, ತೆಳು ಪ್ಲೇಟುಗಳ ಕಟ್ಟು ಮೇಲು. ಆಗ ಅಗಲ, ಸೆಂಟರ್ ಬೋಲ್ಟಿನ ಸ್ಥಾನ ಹೊಂದಬೇಕು, ಹ್ಯಾಂಗರ್ ಸರಿಸಬೇಕಾಗುತ್ತದೆ. ಭಾರಕ್ಕೆ ಪ್ಲೇಟು ನೆಟ್ಟಗಾದಾಗ ಉದ್ದವಾಗುವುದರಿಂದ ಶ್ಯಾಕಲ್ ಹಿಂದಕ್ಕೆ ಓಲಾಡಲು ಜಾಗ ಬಿಡಬೇಕು.

ಒಂದು ದಿನ ಗೊಬ್ಬರದ ಮೂಟೆ, ಮರುದಿನ ಖಾಲಿ ಓಡಾಟ ಎನ್ನುವವರಿಗೆ ಭಾರ ಬಿದ್ದಾಗ ಮಾತ್ರ ತಾಗುವ ಹೆಲ್ಪರ್ ಪ್ಲೇಟು ಅನುಕೂಲ.

ಎತ್ತರಿಸುವ ಮುನ್ನ

ಆಕ್ಸಲ್ ಕೆಳಗಿನ ಪ್ಲೇಟನ್ನು ಮೇಲಕ್ಕೆ ಕೂರಿಸಿ ಗಾಡಿ ಎತ್ತರಿಸುವವರಿದ್ದಾರೆ. ಬ್ರೇಕ್ ಹೋಸ್ ಸಾಲದಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಅಡ್ಡ ಇಳಿಜಾರಿನಲ್ಲಿ ಮಗುಚುವ ಭಯ ಹೆಚ್ಚು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೇ ಕಲಂ ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಕೆಲಸಕ್ಕೆ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಕಟ್ಟುಗಳನ್ನು ಜೋಡಿಯಾಗಿಯೇ ಬದಲಿಸಿ. ಸೀಳಿದ ಪ್ಲೇಟಿಗೆ ವೆಲ್ಡಿಂಗ್ ಬೇಡ. ಕಾಸಿದ ಉಕ್ಕು ಹದ ಕಳೆದುಕೊಂಡು ಅಲ್ಲೇ ಮುರಿಯುತ್ತದೆ. ಮೊದಲ ಕೆಲವು ಹೇರುಗಳ ನಂತರ ಯು-ಬೋಲ್ಟುಗಳನ್ನು ಮರುಬಿಗಿ ಮಾಡಲು ಮರೆಯದಿರಿ.