503 ಬಂದರೆ ಫೇಲಾದಂತಲ್ಲ!

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ನೋಡಿದರೂ ಮನೆಮಂದಿಯೆಲ್ಲ ಮೊಬೈಲಿನ ಸುತ್ತ. ಮಗಳು ನೋಂದಣಿ ಸಂಖ್ಯೆ ಒತ್ತುತ್ತಾಳೆ. ಅಂಕಗಳ ಬದಲು ಪರದೆಯ ಮೇಲೆ '503' ಎಂಬ ಸಂಖ್ಯೆ! 'ಏನಮ್ಮಾ ಇದು, ನಿನ್ನ ನಂಬರೇ ಇಲ್ವಾ?' ಎಂದು ಅಪ್ಪನಿಗೆ ಗಾಬರಿ. ಮಗಳ ಕಣ್ಣಲ್ಲಿ ಆಗಲೇ ನೀರು.

ಅಳುವಂಥದ್ದು ಏನೂ ಆಗಿಲ್ಲ. 503 ಎಂಬುದು ಮಗಳ ಅಂಕದ ಬಗ್ಗೆ ಒಂದು ಮಾತನ್ನೂ ಹೇಳುತ್ತಿಲ್ಲ. 'ಈಗ ಸಾಧ್ಯವಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ' ಎಂದು ಸರ್ವರ್ ತನ್ನ ಕಷ್ಟ ಹೇಳಿಕೊಳ್ಳುತ್ತಿದೆ, ಅಷ್ಟೆ. 2024ರಲ್ಲಿ ಈ ಪರೀಕ್ಷೆ ಬರೆದವರೇ 8 ಲಕ್ಷಕ್ಕೂ ಹೆಚ್ಚು. ಅವರೆಲ್ಲ ಒಂದೇ ಗಳಿಗೆಯಲ್ಲಿ ಬಾಗಿಲು ತಟ್ಟಿದರೆ ಯಂತ್ರವಾದರೂ ಏನು ಮಾಡೀತು?

ಮೊದಲ ಅಂಕಿ ನೋಡಿ

ನಾವು ಕೇಳಿದ ಪುಟವನ್ನು ಕಳಿಸುವ ಕಂಪ್ಯೂಟರೇ ಸರ್ವರ್. ಪ್ರತಿ ಕೋರಿಕೆಗೂ ಅದು ಮೂರಂಕಿಯ ಒಂದು ಉತ್ತರ ಕೊಡುತ್ತದೆ. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಎಚ್‌ಟಿಟಿಪಿ ನಿಯಮಗಳಲ್ಲೇ 404, 503 ಎರಡೂ ಇವೆ.

ಗುಟ್ಟು ಇರುವುದು ಮೊದಲ ಅಂಕಿಯಲ್ಲಿ. 2 ಎಂದರೆ ಕೆಲಸ ಆಯಿತು. 3 ಎಂದರೆ ಬೇರೆ ಕಡೆ ನೋಡಿ. 301 ಬಂದರೆ ಪುಟ ಕಾಯಂ ಆಗಿ ಹೊಸ ವಿಳಾಸಕ್ಕೆ ಹೋಗಿದೆ, 302 ಆದರೆ ತಾತ್ಕಾಲಿಕವಾಗಿ. 4 ಎಂದರೆ ಕೋರಿಕೆಯಲ್ಲಿ ತೊಡಕು. 5 ಎಂದರೆ ತೊಡಕು ಸರ್ವರಿನ ಕಡೆಯದು.

ಹೋಲಿಸಿ ನೋಡೋಣ. 401: 'ಮೊದಲು ನಿಮ್ಮ ಗುರುತು ತೋರಿಸಿ.' 403: 'ಇಲ್ಲಿಗೆ ನಿಮಗೆ ಪ್ರವೇಶವಿಲ್ಲ.' 404: 'ಕೇಳಿದ ಪುಟ ಇಲ್ಲಿಲ್ಲ.' ಇದು ಬಂದರೆ ವಿಳಾಸದ ಅಕ್ಷರಗಳನ್ನು ಮತ್ತೆ ನೋಡಿ. ಹಳೆಯ ವರ್ಷದ ಕೊಂಡಿಯನ್ನೂ ಒತ್ತಿರಬಹುದು. 429 ಬಂತೋ, ನೀವು ಪದೇ ಪದೇ ಒತ್ತುತ್ತಿದ್ದೀರಿ ಎಂದರ್ಥ. ಕೈ ಕಟ್ಟಿ ಕೂರುವುದೇ ಮದ್ದು.

200 ಬಂದರೂ ಮೈಮರೆಯಬೇಡಿ. ಪುಟ ಬಂತು ಎಂಬುದಕ್ಕಷ್ಟೇ ಅದು ಸಾಕ್ಷಿ. ಒಂದು ಅಂಕಿ ತಪ್ಪಿ ಬೇರೆಯವರ ಅಂಕಪಟ್ಟಿ ಕಂಡರೂ ಸರ್ವರಿನ ಲೆಕ್ಕದಲ್ಲಿ ಅದು 200ವೇ. ಹೆಸರು, ಸಂಖ್ಯೆ ಎರಡನ್ನೂ ತಾಳೆ ನೋಡಿಯೇ ಸಿಹಿ ಹಂಚಿ.

ದುಡ್ಡು ಕಟ್ಟುವಾಗ ಎಚ್ಚರ

ನಿಜವಾದ ಅಪಾಯ ಕಾಲೇಜಿನ ಶುಲ್ಕ ಕಟ್ಟುವಾಗ. 504 ಎಂದರೆ ಮಧ್ಯವರ್ತಿ ಸರ್ವರ್ ಒಳಗಿನ ಸರ್ವರಿನ ಉತ್ತರಕ್ಕೆ ಕಾದು ಕಾದು ಸುಮ್ಮನಾಯಿತು ಎಂದು. ಉತ್ತರ ಬಂದಿಲ್ಲ ಎಂದ ಮಾತ್ರಕ್ಕೆ ಕೆಲಸ ಆಗಿಲ್ಲವೆಂದಲ್ಲ. ಹಣ ಆಗಲೇ ಸಂದಿರಬಹುದು. ಆದ್ದರಿಂದ ತಕ್ಷಣ ಇನ್ನೊಮ್ಮೆ ಕಟ್ಟಬೇಡಿ. ಬ್ಯಾಂಕ್ ಖಾತೆ, ಅರ್ಜಿಯ ಪಾವತಿ ವಿವರ ಎರಡನ್ನೂ ನೋಡಿ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ದೂರು ಕೊಡಲು ಬೇಕಾದೀತು.

2019ರ ಎಸ್‌ಎಸ್‌ಎಲ್‌ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಿತ್ತು. ಅದಕ್ಕೂ ಬಹಳ ಹಿಂದೆ, ಅಪ್ಪ ಅಮ್ಮಂದಿರ ಕಾಲದಲ್ಲಿ, ಫಲಿತಾಂಶ ನೋಡಬೇಕಾದರೆ ಶಾಲೆಯ ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು. ಗುಂಪಿನ ಹಿಂದೆ ನಿಂತವರಿಗೆ ತಮ್ಮ ನಂಬರು ಕಾಣುತ್ತಿರಲಿಲ್ಲ. ಹಾಗೆಂದು ಅದು ಬೋರ್ಡಿನಲ್ಲಿ ಇರಲಿಲ್ಲವೇ? ಗುಂಪು ಕರಗುವವರೆಗೆ ಕಾಯುತ್ತಿದ್ದರು. 503 ಬಂದಾಗ ಮಕ್ಕಳಿಗೆ ಹೇಳಬೇಕಾದ್ದೂ ಅದನ್ನೇ.