ಜಲ್ಲಿಯಾಗುವ ಮುನ್ನ

ಮಧುಗಿರಿಯಿಂದ ಹೊರಡುವ ಬಸ್ಸಿಗೆ ‘ಐ.ಡಿ.ಹಳ್ಳಿ’ ಎಂದರೆ ಸಾಕು. ಬಿಡಿಸಿ ಹೇಳಿದರೆ ಇಟಕದಿಬ್ಬನಹಳ್ಳಿ. ತೆಲುಗಿನಲ್ಲಿ ಇಟುಕ ಎಂದರೆ ಇಟ್ಟಿಗೆ. ದಿಬ್ಬವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಂಧ್ರದ ಗಡಿಗೆ ಅಂಟಿಕೊಂಡ ಸೀಮೆಯಲ್ಲವೆ, ಮಾತು ಆ ಕಡೆಗೂ ಈ ಕಡೆಗೂ ಜಾರುತ್ತಲೇ ಇರುತ್ತದೆ. ಆದರೆ ದಿಬ್ಬ, ಹಾಳೂರು, ಮೋರಿಯರ ಮನೆ ಹೀಗೆ ಹಳೆಯ ನೆಲೆಯ ಸುಳಿವು ಕೊಡುವ ಹೆಸರು ಕಿವಿಗೆ ಬಿದ್ದರೆ ಪುರಾತತ್ವದವರು ಬಸ್ಸಿಳಿಯುತ್ತಾರೆ.

ಇಳಿದವರಿಗೆ ಮೊದಲು ಕಾಣುವುದು ಬಂಡೆ. ಮಧುಗಿರಿಯ ಏಕಶಿಲಾ ಬೆಟ್ಟವಿರುವ ಈ ಸೀಮೆಯಲ್ಲಿ ಹಾದುಹೋಗುವ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರನ್ನೇ ಇಟ್ಟು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮನೆ ಪಾಯಕ್ಕೆ, ರಸ್ತೆಗೆ, ಎಂ-ಸ್ಯಾಂಡಿಗೆ ಹೇಳಿ ಮಾಡಿಸಿದ ಕಲ್ಲು. ಆಯುಧಕ್ಕೆ ಮಾತ್ರ ಬಾರದು. ಹರಳು ದಪ್ಪ, ಬಡಿದರೆ ಅಂಚು ನಿಲ್ಲದೆ ಉದುರುತ್ತದೆ. ಆದಿಮಾನವ ಹುಡುಕಿಕೊಂಡು ಹೋದದ್ದು ಬೆಣಚುಕಲ್ಲನ್ನು, ಇಲ್ಲವೇ ಗ್ರಾನೈಟನ್ನು ಸೀಳಿಕೊಂಡು ಗೋಡೆಯ ಹಾಗೆ ಸಾಗುವ ಕರಿಕಲ್ಲಿನ ಡೈಕನ್ನು. ಅದೇ ಕರಿಕಲ್ಲು ಇವತ್ತು ‘ಬ್ಲ್ಯಾಕ್ ಗ್ರಾನೈಟ್’ ಆಗಿ ಅಡುಗೆಮನೆ ಕಟ್ಟೆಗೆ, ಪರದೇಶದ ಗೋರಿಗಳಿಗೆ ಹೋಗುತ್ತದೆ. ಕಲ್ಲಿನ ಗುಣ ಬಲ್ಲ ಇಬ್ಬರೂ, ಆದಿಮಾನವನೂ ಇಂದಿನ ಗಣಿಯವನೂ, ಸಾವಿರಾರು ವರ್ಷಗಳ ಅಂತರದಲ್ಲಿ ಒಂದೇ ಗುಡ್ಡಕ್ಕೆ ಬಂದು ನಿಲ್ಲುತ್ತಾರೆ. ತಕರಾರು ಶುರುವಾಗುವುದೇ ಅಲ್ಲಿ.

ನಮ್ಮ ತುಮಕೂರು ಜಿಲ್ಲೆಯಲ್ಲೇ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಹಳೆ ಶಿಲಾಯುಗದ ನೆಲೆಯೆಂದು ಹೆಸರಾದದ್ದು. ಮೈಸೂರಿನ ಎಂ. ಶೇಷಾದ್ರಿಯವರು 1950ರ ದಶಕದಲ್ಲಿ ಅಲ್ಲಿನ ಕೈಗೊಡಲಿಗಳ ಮೇಲೆ ಬರೆದರು. ಪಕ್ಕದ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಬ್ಬಿಣದ ಅದಿರಿನ ಲಾರಿಗಳ ಕೆಂಧೂಳು ಎಷ್ಟಿತ್ತೆಂದರೆ, 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿ ನಿಷೇಧವನ್ನು ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿತು. ಅಂದಿನ ಗಲಾಟೆಯೆಲ್ಲ ಕಾಡು, ನೀರು, ರಾಜಧನದ್ದು. ಮಣ್ಣಿನ ಮೇಲ್ಪದರದೊಂದಿಗೆ ಏನೇನು ಹೋಯಿತೆಂದು ಕೇಳಿದವರು ಕಡಿಮೆ.

ಹಾಗೆಂದು ಅಗೆತವನ್ನು ಸುಮ್ಮನೆ ಬೈಯುವಂತೆಯೂ ಇಲ್ಲ. ಭಾರತದ ಶಿಲಾಯುಗದ ಅಧ್ಯಯನ ಹುಟ್ಟಿದ್ದೇ ಒಂದು ಗುಂಡಿಯಲ್ಲಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಜಲ್ಲಿಮಣ್ಣಿಗಾಗಿ ತೋಡಿದ ಗುಂಡಿಯಿಂದ ಬಂದ ಕೈಗೊಡಲಿಯನ್ನು ಗುರುತಿಸಿದರು. ಯಾದಗಿರಿ ಜಿಲ್ಲೆಯ ಇಸಾಂಪುರವೂ ಮೇಲ್ಮಣ್ಣು ತೆಗೆದಿದ್ದರಿಂದಲೇ ಕಣ್ಣಿಗೆ ಬಿದ್ದ ನೆಲೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1997ರಿಂದ ಅಲ್ಲಿ ಉತ್ಖನನ ಮಾಡಿದಾಗ ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅಂದಾಜಾದ ಕಲ್ಲಿನ ಕಾರ್ಖಾನೆಯೇ ಸಿಕ್ಕಿತು: ಸುಣ್ಣಕಲ್ಲಿನ ಚಪ್ಪಡಿ, ಸುತ್ತಿಗೆಗಲ್ಲು, ಸಿಡಿದ ಚಕ್ಕೆ, ಎಲ್ಲ ಕೂತಲ್ಲೇ ಕೂತಿದ್ದವು. ಗುದ್ದಲಿ ಮಣ್ಣು ಸರಿಸಿ ನಿಂತರೆ ಇತಿಹಾಸ ಕಾಣುತ್ತದೆ. ಹಿಟಾಚಿ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಳ್ಳಾರಿ ಬಳಿಯ ಸಂಗನಕಲ್ಲು–ಕುಪ್ಪಗಲ್ಲು ಇದಕ್ಕೆ ಕಣ್ಣೆದುರಿನ ಸಾಕ್ಷಿ. ಅಲ್ಲಿಯ ಹಿರೇಗುಡ್ಡ ನವಶಿಲಾಯುಗದ ಕೊಡಲಿ ತಯಾರಿಕೆಯ ಜಾಗ. ಕರಿಕಲ್ಲನ್ನು ಒಡೆದು ಕೊಡಲಿಯ ಆಕಾರಕ್ಕೆ ತಂದ ಗುರುತುಗಳೆಲ್ಲ ಉಳಿದಿವೆ. ಅರ್ಧಕ್ಕೇ ಮುರಿದು ಬಿಸಾಡಿದವೂ ಇವೆ, ಕೈ ತಪ್ಪಿದ ಕೆಲಸಗಾರನ ಬೈಗುಳವೊಂದು ಮಾತ್ರ ಸಿಕ್ಕಿಲ್ಲ. ಡೈಕಿನ ಬಂಡೆಗಳ ಮೇಲೆ ಗೂಳಿಗಳ ಕುಟ್ಟುಚಿತ್ರ. ಕೆಲವು ಬಂಡೆ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಕೊಡುತ್ತವೆ. ಗ್ರಾನೈಟ್ ಕ್ವಾರಿಗಳು ಈ ಗುಡ್ಡಗಳನ್ನು ಮೇಯತೊಡಗಿದ್ದ ಹೊತ್ತಿನಲ್ಲೇ, 2000ದ ದಶಕದಲ್ಲಿ, ಧಾರವಾಡದ ರವಿ ಕೋರಿಶೆಟ್ಟರ್, ನಿಕೋಲ್ ಬೊಯಿವಿನ್, ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಇಲ್ಲಿ ಸಮೀಕ್ಷೆ, ಉತ್ಖನನ ನಡೆಸಿದರು. ಆಗ ದಾಖಲಾದದ್ದು ಮತ್ತೆ ಯಾವ ಸ್ಫೋಟಕ್ಕೂ ಸಿಗದು.

ಸಮೀಕ್ಷೆ ಎಂದರೆ ಬಹುಪಾಲು ನಡಿಗೆ. ಮೊದಲ ಮಳೆ ಬಿದ್ದು ಧೂಳು ತೊಳೆದ ಮೇಲೆ, ಕಡಲೆಕಾಯಿ ಬಿತ್ತನೆಗೆ ಮುಂಚೆ, ಬಿಸಿಲು ಓರೆಯಾಗಿರುವ ಬೆಳಿಗ್ಗೆ ನಾಲ್ಕೈದು ಮಂದಿ ಸಾಲಾಗಿ, ಇಷ್ಟಿಷ್ಟೇ ಅಂತರ ಬಿಟ್ಟು, ನೆಲ ನೋಡುತ್ತ ಹೋಗಬೇಕು. ಕಂಡ ಕಲ್ಲನ್ನು ಎತ್ತುವ ಹಾಗಿಲ್ಲ. ಮೊದಲು ಪುಟ್ಟ ಬಾವುಟ, ಜಿಪಿಎಸ್ ಅಂಕಿ, ಅಳತೆಪಟ್ಟಿ ಇಟ್ಟು ಫೋಟೊ. ಒಂದು ಚದರ ಮೀಟರಿಗೆ ಎಷ್ಟು ಚಕ್ಕೆ ಎಂಬ ಲೆಕ್ಕದಿಂದಲೇ ಯಾರೋ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಿದ ಜಾಗ ಮೇಲೇಳುತ್ತದೆ. ಜೇಬಿಗೆ ಹಾಕಿಕೊಂಡು ಬಂದ ಕೈಗೊಡಲಿ ಶೋಕೇಸಿಗೆ ಚೆಂದ, ಆ ಲೆಕ್ಕಕ್ಕೆ ದಂಡ.

ಗಣಿ ನೆಲದಲ್ಲಿ ಇನ್ನೊಂದು ತಲೆನೋವಿದೆ. ಚಕ್ಕೆಯನ್ನು ತಿರುಗಿಸಿ ನೋಡಿ: ಏಟು ಬಿದ್ದ ತುದಿಯ ಕೆಳಗೆ ಸಣ್ಣ ಉಬ್ಬು, ಅಲ್ಲಿಂದ ನೀರಿನ ಅಲೆಯಂತೆ ಹರಡುವ ಗೆರೆಗಳು. ಮನುಷ್ಯನ ಏಟಿಗೆ ಇದೇ ಗುರುತು. ಆದರೆ ಬಕೆಟ್ಟಿನ ಹಲ್ಲು ತಾಗಿದರೂ, ಕ್ರಷರಿನ ದವಡೆಗೆ ಸಿಕ್ಕರೂ, ಕಲ್ಲುಕುಟಿಗರು ಸೈಜುಗಲ್ಲು ಒಡೆದರೂ ಅಂಥದೇ ಚಕ್ಕೆ ಹಾರಬಹುದು. ಆಗ ಕೈಹಿಡಿಯುವುದು ಕಲ್ಲಿನ ಸಿಪ್ಪೆ. ಹಳೆಯ ಕರಿಕಲ್ಲಿನ ಮೈ ಮಳೆಬಿಸಿಲಿಗೆ ಕಂದಿ ಬೂದುಗಂದಾಗಿರುತ್ತದೆ, ನಿನ್ನೆ ಒಡೆದದ್ದು ಕಾಡಿಗೆಯಂತೆ ಕಪ್ಪು. ಕಂದಿದ ಮೈಯಲ್ಲಿ ಒಂದು ಕಪ್ಪು ಗಾಯವಿದ್ದರೆ ಅದು ಯಂತ್ರಕ್ಕೆ ಸಿಕ್ಕಿ ಬದುಕಿದ ಆಯುಧವಿರಬಹುದು. ಡಂಪಿನ ರಾಶಿಯಲ್ಲಿ ಅದು ಸಿಕ್ಕರೂ ಯಾವ ಪದರದ್ದು, ಯಾವುದರ ಜೊತೆಗಿತ್ತು ಎಂದು ಕೇಳಿದರೆ ಉತ್ತರವಿಲ್ಲ.

ಕಾನೂನೇನೋ ಇದೆ. 1958ರ ಕೇಂದ್ರ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧ, ಅದರಾಚೆ 200 ಮೀಟರು ನಿರ್ಬಂಧ. ಆದರೆ ಹೊಲದಲ್ಲಿ ಚೆಲ್ಲಿದ ಚಕ್ಕೆಗಳಿಗೆ ಗೋಪುರವಿಲ್ಲ, ಫಲಕವಿಲ್ಲ. ಪಟ್ಟಿಗೆ ಸೇರದ ನೆಲೆ ಗುತ್ತಿಗೆಯ ನಕ್ಷೆಯಲ್ಲಿ ಬರೀ ಖರಾಬು. ಪಟ್ಟಿಗೆ ಸೇರಿದರೂ ಪಾರಾದಂತಲ್ಲ: ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಮರಿಯಲ್ಲಿ 46,000 ವರ್ಷಗಳಷ್ಟು ಹಿಂದಿನ ಮಾನವ ವಾಸದ ಕುರುಹಿದ್ದ ಗುಹೆಯನ್ನು 2020ರ ಮೇನಲ್ಲಿ ರಿಯೊ ಟಿಂಟೊ ಕಂಪನಿ ಸಿಡಿಸಿದ್ದು ಸರ್ಕಾರದ ಅನುಮತಿ ಕೈಯಲ್ಲಿಟ್ಟುಕೊಂಡೇ. ಆಮೇಲೆ ಅದರ ಮುಖ್ಯಸ್ಥ ಹುದ್ದೆ ಬಿಡಬೇಕಾಯಿತು, ಗುಹೆ ವಾಪಸು ಬರಲಿಲ್ಲ.

ಫೂಟ್ ತಾವು ಕೂಡಿಹಾಕಿದ್ದನ್ನೆಲ್ಲ 1904ರಲ್ಲಿ ಮದರಾಸಿನ ಮ್ಯೂಸಿಯಂಗೆ ಮಾರಿದರು. ಪಲ್ಲಾವರ ಈಗ ಚೆನ್ನೈ ಮಹಾನಗರದೊಳಗೆ ಕಲೆತುಹೋಗಿದೆ. ಎಗ್ಮೋರಿನಲ್ಲಿರುವ ಆ ಮ್ಯೂಸಿಯಂ ಸಂಗ್ರಹದಲ್ಲಿ ಬಳ್ಳಾರಿ ಸೀಮೆಯಿಂದ ಹೋದ ಕಲ್ಲುಗಳೂ ಇವೆ. ಫೂಟ್ ಅವರ ಕ್ಯಾಟಲಾಗು ತೆರೆದರೆ ಯಾವುದು ಯಾವ ಊರಿನದೆಂದು ಈಗಲೂ ಹುಡುಕಿ ಓದಬಹುದು.