ಮೊದಲ ಲೇತ್ ಕೊಳ್ಳುವ ಮುನ್ನ

ಹವ್ಯಾಸಕ್ಕೆ ಮರ ಕಡೆಯೋಕೆ ಲೇತ್ ತಗೋಬೇಕು ಅಂತಿದ್ದೀರಾ? ಮೋಟಾರಿನ ಎಚ್‌ಪಿ ಆಮೇಲೆ ಕೇಳಿ, ಮೊದಲು ತೂಕ ನೋಡಿ. ಲೇತಿನ ತಳದ ಬೆಡ್ ತಗಡಿನದಾದ್ರೆ ನಡುಗುತ್ತೆ, ಉಳಿ ಜಿಗಿಯುತ್ತೆ. ಬೀಡು ಕಬ್ಬಿಣದ ಬೆಡ್ಡೇ ಇರಲಿ.

ಚನ್ನಪಟ್ಟಣದ ಬುಗುರಿ, ಗಿಲಕಿ ಥರದ್ದು ಮಾಡೋಕೆ ಪುಟ್ಟ ಲೇತ್ ಸಾಕು. ಅಲ್ಲಿನ ಕುಶಲಕರ್ಮಿಗಳು ಹಾಲೆ ಮರ ತಿರುಗ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕೂರುತ್ತೆ. ನೋಡೋಕೇ ಚೆಂದ!

ಬಟ್ಟಲು ಕಡೆಯುವ ಆಸೆಯಿದ್ರೆ 10 ಇಂಚಿನ ಸ್ವಿಂಗ್ ಬೇಕು. ಅಂದ್ರೆ ಮರ ತಿರುಗಿಸುವ ಸ್ಪಿಂಡಲ್ ನಡುವಿನಿಂದ ಬೆಡ್‌ಗೆ 5 ಇಂಚು. ವೇಗ 500 ಆರ್‌ಪಿಎಂಗೂ ಕೆಳಗಿಳಿಯಬೇಕು. ಸೊಟ್ಟ ತುಂಡು ಜೋರಾಗಿ ತಿರುಗಿದ್ರೆ ಹಾರಿಬರುತ್ತೆ.

ಅಂಗಡಿಯಲ್ಲೇ ಟೇಲ್‌ಸ್ಟಾಕ್, ಅಂದ್ರೆ ಬೆಡ್ ಮೇಲೆ ಜಾರುವ ತುದಿಯ ಭಾಗ, ಮುಂದೆ ತಳ್ಳಿ ನೋಡಿ. ಎರಡೂ ಸೆಂಟರ್‌ಗಳ ಮೊನೆಗೆ ಮೊನೆ ಕೂಡಬೇಕು. ಕೂಡದಿದ್ರೆ ಆ ಮೆಷಿನ್ ಬೇಡ. ಸ್ಪಿಂಡಲ್ ಥ್ರೆಡ್ಡೂ ಕೇಳಿ: 1 ಇಂಚು 8 ಟಿಪಿಐ (ಇಂಚಿಗೆ 8 ಎಳೆ) ಆದ್ರೆ ಮರ ಹಿಡಿಯುವ ಚಕ್ ಸುಲಭವಾಗಿ ಸಿಗುತ್ತೆ.

ಇರೋ ದುಡ್ಡೆಲ್ಲ ಲೇತ್‌ಗೇ ಸುರಿಯಬೇಡಿ. ಹೈ ಸ್ಪೀಡ್ ಸ್ಟೀಲಿನ (ಎಚ್‌ಎಸ್‌ಎಸ್) ಉಳಿ, ಸಾಣೆ ಹಿಡಿಯೋಕೆ ಗ್ರೈಂಡರ್, ಮುಖ ಪೂರ್ತಿ ಮುಚ್ಚುವ ಫೇಸ್ ಶೀಲ್ಡ್, ಇವಕ್ಕೂ ಉಳಿಸಿ. ಫೇಸ್ ಶೀಲ್ಡ್ ಇಲ್ಲದೆ ಸ್ವಿಚ್ ಒತ್ತಲೇಬೇಡಿ.